ಕುಲ್ಚಾಕ್ಕೆ ಕುಲ್ಚಾ ಎನ್ನೋಣ

ಹಸಿದವನಿಗೆ ರೊಟ್ಟಿ ಸಿಕ್ಕರೆ ಸಾಕು, ಅದರ ಹೆಸರು ಕಟ್ಟಿಕೊಂಡು ಆಗಬೇಕಾದುದೇನು ಎಂದು ಕೆಲವು ಮಿತ್ರರು ಕೇಳುವುದುಂಟು. ಆಗಬೇಕಾದುದು ಬಹಳವಿದೆ ಎಂಬುದು ನನ್ನ ನಮ್ರ ಅಭಿಪ್ರಾಯ.

ಬೀದರ ಪಟ್ಟಣದ ಬೇಕರಿಗಳ ಮುಂದೆ ನಮ್ಮ ವಿದ್ಯಾರ್ಥಿಗಳಲ್ಲಿ ಎರಡು ಬಗೆಯವರನ್ನು ಕಾಣುತ್ತೇನೆ. ಕನ್ನಡ ನುಡಿದರೆ ಹಳ್ಳಿಗರೆಂದಾರೆಂಬ ಅಳುಕಿನಿಂದ ಬಾರದ ಹಿಂದಿಯಲ್ಲಿ ತಡವರಿಸುವವರು ಒಂದು ಬಗೆ. ದಖ್ಖನಿಯ ಒಂದು ಮಾತಾಡಿದರೂ ಕನ್ನಡಕ್ಕೆ ಕುಂದೆಂದು ಭಾವಿಸಿ, ಬೆರಳು ತೋರಿಸಿ ‘ಅದು ಕೊಡ್ರಿ’ ಎನ್ನುವವರು ಇನ್ನೊಂದು ಬಗೆ. ಈ ಎರಡೂ ನನಗೆ ಒಪ್ಪಿಗೆಯಿಲ್ಲ.

ಶೀರಮಾಲನ್ನು ‘ಹಾಲಿನ ರೊಟ್ಟಿ’ ಎಂದು ಕೇಳಿದರೆ ಅಂಗಡಿಯವರು ಬೇರೇನನ್ನೋ ಕೊಟ್ಟಾರು. ಪಾರಸಿಯಲ್ಲಿ ‘ಶೀರ್’ ಎಂದರೆ ಹಾಲೇ ಸರಿ. ಆದರೆ ಅರ್ಥ ತಿಳಿದ ಮಾತ್ರಕ್ಕೆ ಆ ರೊಟ್ಟಿ ಕೈಗೆ ಬಾರದು. ಕುಲ್ಚಾದ ಹೆಸರಿನ ಹಿಂದೆಯಂತೂ ಒಂದು ಕಥೆಯೇ ಇದೆ. 1948ರವರೆಗೆ ನಮ್ಮನ್ನಾಳಿದ ನಿಜಾಮರ ಧ್ವಜದ ನಡುವಿದ್ದ ದುಂಡನೆಯ ಗುರುತು ಕುಲ್ಚಾವೇ ಎಂಬ ಐತಿಹ್ಯವುಂಟು. ಹೆಸರನ್ನು ಬಿಟ್ಟರೆ ಕಥೆಯನ್ನೂ ಬಿಟ್ಟಂತೆ.

ಔರಾದದ ಕಡೆಗೆ ಹೋದರೆ ನಮ್ಮ ಜೋಳದ ರೊಟ್ಟಿಯೇ ಮರಾಠಿ ಮನೆಗಳಲ್ಲಿ ‘ಭಾಕರಿ’. ಹಿಟ್ಟು ಅದೇ, ಹಂಚು ಅದೇ. 1956ರಲ್ಲಿ ಉದಗೀರ, ನಿಲಂಗಾ ಆಚೆ ಹೋದವು; ಭಾಲ್ಕಿ, ಔರಾದ ಈಚೆ ಉಳಿದವು. ನಕಾಶೆಯಲ್ಲಿ ಎಳೆದ ಗೆರೆ ಹಂಚಿನ ಮೇಲೆ ಬೀಳಲಿಲ್ಲ.

ಒಂದು ಕಾಲಕ್ಕೆ ಉರ್ದು ನಮ್ಮ ತಲೆಯ ಮೇಲೆ ಕುಳಿತಿರಲಿಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜ. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಬೇಕಾಗಿತ್ತು. ಆದರೆ ಆ ಬಲವಂತ ದೊರೆತನದ್ದು, ಒಲೆಯ ಮುಂದೆ ಬೆವರುವ ರೊಟ್ಟಿಗಾರನದಲ್ಲ. ಹೇರಿದ ಭಾಷೆ ಹೊರೆ. ನಾವಾಗಿ ಕಲಿತ ನೆರೆಯವರ ಮಾತು ಸೌಜನ್ಯ.

ಆದುದರಿಂದ ನನ್ನ ಸೂಚನೆ ಇಷ್ಟೆ: ತಿನಿಸಿನ ಹೆಸರು ಅದನ್ನು ಮಾಡುವವರದಿರಲಿ, ಉಳಿದ ಮಾತು ನಮ್ಮದಿರಲಿ. ‘ಚಾಚಾ, ಎರಡು ಕುಲ್ಚಾ ಕೊಡ್ರಿ’ ಎನ್ನೋಣ. ತಿಳಿಯದಿದ್ದರೆ ‘ದೋ ಕುಲ್ಚೆ ದೇವ್’ ಎನ್ನಲು ನಾಚಬೇಕಾಗಿಲ್ಲ. ಔರಾದದಲ್ಲಿ ‘ಏಕ ಭಾಕರೀ ದ್ಯಾ’ ಎನ್ನಲೂ ಸಂಕೋಚ ಬೇಡ. ಆದರೆ ಮೊದಲ ಮಾತು ಕನ್ನಡದಲ್ಲೇ ಇರಲಿ. ನಮ್ಮ ಬಾಯಿಂದ ಕೇಳದ ಕನ್ನಡವನ್ನು ಅಂಗಡಿಯವರು ಕಲಿಯುವುದಾದರೂ ಎಲ್ಲಿ?

ಪದವಿ ಪಡೆದು ಹೊರಡುವ ಮುನ್ನ ನಾಲ್ಕು ರೊಟ್ಟಿಗಳ ಹೆಸರನ್ನು ಅವುಗಳ ನುಡಿಯಲ್ಲೇ ಬಲ್ಲವರಾಗೋಣ. ಈ ಜಿಲ್ಲೆಯಲ್ಲಿ ಅದೂ ವಿದ್ಯೆಯ ಒಂದು ಭಾಗ.