ಚಾರ್ಟ್ ಓದಿಸಿ ಕಳಿಸುವುದನ್ನು ಕಣ್ಣಿನ ತಪಾಸಣೆ ಅನ್ನಬೇಡಿ

ಉಚಿತ ನೇತ್ರ ತಪಾಸಣಾ ಶಿಬಿರದ ಪತ್ರಿಕಾ ಪ್ರಕಟಣೆ ವಾಟ್ಸ್‌ಆ್ಯಪ್‌ಗೆ ಬಂದರೆ ಅದನ್ನು ತೆರೆಯುವ ಮೊದಲೇ ಒಳಗೇನಿದೆ ಎಂದು ನಾವು ಹೇಳಬಲ್ಲೆವು. ಇಷ್ಟು ಜನರ ತಪಾಸಣೆ, ಇಷ್ಟು ಜನರಿಗೆ ಕನ್ನಡಕ, ಇಷ್ಟು ಜನ ಪೊರೆ ಶಸ್ತ್ರಚಿಕಿತ್ಸೆಗೆ ಆಯ್ಕೆ. ಜೊತೆಗೊಂದು ಫೋಟೊ. ಕರಿ ಕನ್ನಡಕ ಹಾಕಿಕೊಂಡು ಸಾಲಾಗಿ ಕೂತ ಅಜ್ಜ ಅಜ್ಜಿಯರು, ಅವರ ಹಿಂದೆ ದಾನಿಗಳು, ಅಧ್ಯಕ್ಷರು, ಜನಪ್ರತಿನಿಧಿಗಳು. ಈ ಪ್ರಕಟಣೆಯಲ್ಲಿ ಎಂದೂ ಇರದ ಎರಡು ಅಂಕಿಗಳಿವೆ. ಬಂದವರಲ್ಲಿ ಎಷ್ಟು ಜನರ ಕಣ್ಣಿನ ಒತ್ತಡ ಅಳೆದಿರಿ? ಎಷ್ಟು ಜನರ ಕಣ್ಣಿನ ನರ ನೋಡಿದಿರಿ?

ಕೇಳಿದರೆ ಅದು ದೊಡ್ಡಾಸ್ಪತ್ರೆಯ ಕೆಲಸ ಅನ್ನುತ್ತಾರೆ. ನಿಜ, ಪೊರೆಗೆಂದು ಆಯ್ಕೆಯಾದವರನ್ನು ಬಸ್ಸಿನಲ್ಲಿ ಕರೆದೊಯ್ದ ಮೇಲೆ ಶಸ್ತ್ರಚಿಕಿತ್ಸೆಗೆ ಮುಂಚೆ ಅಲ್ಲಿ ಒತ್ತಡ ಅಳೆಯುತ್ತಾರೆ. ಆದರೆ ಆ ಬಸ್ಸು ಹತ್ತದವರ ಗತಿಯೇನು? ನಲವತ್ತೈದರ ಒಬ್ಬ ರೈತ ಗೊಬ್ಬರದ ಚೀಲದ ಮೇಲಿನ ಸಣ್ಣ ಅಕ್ಷರ ಕಾಣುವುದಿಲ್ಲ ಎಂದು ಬರುತ್ತಾನೆ. ಅವನಿಗೆ ಚಾರ್ಟ್ ಓದಿಸಿ, ಚಾಳೀಸು ಬಂದಿದೆ ಎಂದು ಹೇಳಿ, ಕನ್ನಡಕ ಕೊಟ್ಟು ಮನೆಗೆ ಕಳಿಸುತ್ತಾರೆ. ಕಣ್ಣು ತೋರಿಸಿಕೊಂಡು ಬಂದೆ, ಏನೂ ತೊಂದರೆ ಇಲ್ಲವಂತೆ ಎಂದು ಅವನು ಹತ್ತು ವರ್ಷ ನೆಮ್ಮದಿಯಿಂದ ಇರುತ್ತಾನೆ. ಗ್ಲಾಕೋಮಾ ಇದ್ದರೆ ಅದಕ್ಕೆ ಆ ಹತ್ತು ವರ್ಷ ಸಾಕು. ಹಾಗಾಗಿ ನಾವು ಹೇಳುವುದಿಷ್ಟು: ಇವು ಪೊರೆ ರೋಗಿಗಳನ್ನು ಆರಿಸುವ ಶಿಬಿರಗಳು. ಅದು ಒಳ್ಳೆಯ ಕೆಲಸವೇ, ಮಾಡಿ. ಆದರೆ ಅದಕ್ಕೆ ನೇತ್ರ ತಪಾಸಣೆ ಎಂಬ ಬ್ಯಾನರ್ ಕಟ್ಟಿ ಸುಳ್ಳು ಧೈರ್ಯ ಹಂಚಬೇಡಿ.

ಕಣ್ಣಿನ ಒತ್ತಡ ಎಂದರೆ ಬಿ.ಪಿ. ಅಲ್ಲ. ಬಿ.ಪಿ. ನಾರ್ಮಲ್ ಇದೆ, ಆದ್ದರಿಂದ ಕಣ್ಣಿನ ಒತ್ತಡವೂ ನಾರ್ಮಲ್ ಎಂದು ನಂಬಿದವರು ಓದು ಬಲ್ಲವರಲ್ಲೂ ಬೇಕಾದಷ್ಟಿದ್ದಾರೆ. ಕಣ್ಣಿನ ಒಳಗೆ ಮುಂಭಾಗದಲ್ಲಿ ತಿಳಿಯಾದ ಒಂದು ದ್ರವ ಸದಾ ಊರುತ್ತಿರುತ್ತದೆ. ಅದು ಕಣ್ಣೀರಲ್ಲ. ಊರಿದಷ್ಟೇ ದ್ರವ ಕಣ್ಣಿನ ಅಂಚಿನ ಜರಡಿಯಂಥ ದಾರಿಯಿಂದ ಹೊರಗೆ ಹೋಗಬೇಕು. ಕೆರೆಗೆ ಹಳ್ಳ ಹರಿದು ಬರುತ್ತಲೇ ಇದ್ದು ಕೋಡಿ ಕಟ್ಟಿಕೊಂಡರೆ ಏರಿಯ ಮೇಲೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ದ್ರವ ಹೊರಹೋಗುವ ದಾರಿ ಬಿಗಿದರೆ ಕಣ್ಣಿನೊಳಗೆ ಒತ್ತಡ ಏರುತ್ತದೆ. ಆ ಒತ್ತಡದ ಪೆಟ್ಟು ಬೀಳುವುದು ಕಣ್ಣಿನ ಹಿಂಭಾಗದಿಂದ ಮಿದುಳಿಗೆ ಹೋಗುವ ನರಕ್ಕೆ. ಅದರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿವೆ. ಸತ್ತ ಎಳೆ ಮತ್ತೆ ಚಿಗುರುವುದಿಲ್ಲ.

ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಈ ಗೆರೆಯನ್ನೇ ದೇವರ ಗೆರೆ ಅಂದುಕೊಳ್ಳಬಾರದು. 21 ದಾಟಿಯೂ ನರಕ್ಕೆ ಏನೂ ಆಗದವರು ಇದ್ದಾರೆ, ಅವರನ್ನು ಆಗಾಗ ನೋಡುತ್ತಿರಬೇಕು. ಗೆರೆಯೊಳಗೇ ಇದ್ದೂ ನರ ಕಳೆದುಕೊಂಡವರೂ ಇದ್ದಾರೆ. ಅದಕ್ಕೇ ನಾವು ಒತ್ತಡದ ಜೊತೆ ನರವನ್ನೂ ನೋಡಿ ಅನ್ನುತ್ತಿರುವುದು. ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಿದರೆ ಅರ್ಧ ಕೆಲಸ.

ಈ ರೋಗ ಚಾರ್ಟಿಗೆ ಸಿಕ್ಕುವುದಿಲ್ಲ ಯಾಕೆ? ಚಾರ್ಟ್ ಅಳೆಯುವುದು ನಟ್ಟ ನಡುವಿನ ದೃಷ್ಟಿಯನ್ನು. ಗ್ಲಾಕೋಮಾ ಸಾಮಾನ್ಯವಾಗಿ ಬದಿಯ ನೋಟದಿಂದ ತಿನ್ನಲು ಶುರು ಮಾಡಿ ನಡುವನ್ನು ಕೊನೆಗೆ ಉಳಿಸಿಕೊಳ್ಳುತ್ತದೆ. ಬಹುಪಾಲು ಜನರಿಗೆ ನೋವಿಲ್ಲ, ಕೆಂಪಿಲ್ಲ, ಮಂಜಿಲ್ಲ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬುತ್ತದೆ, ಉಳಿದದ್ದನ್ನು ಮಿದುಳು ಹೊಂದಿಸಿಕೊಳ್ಳುತ್ತದೆ. ಬದುವಿನ ಮೇಲೆ ಎಡವಿದರೆ ವಯಸ್ಸಾಯ್ತು ಅನ್ನುತ್ತೇವೆ. ಪಕ್ಕದಿಂದ ಬಂದ ಬೈಕು ತಾಗಿದರೆ ಹುಡುಗರ ಸ್ಪೀಡು ಅನ್ನುತ್ತೇವೆ. ಅಂಥವರನ್ನು ಶಿಬಿರದಲ್ಲಿ ಚಾರ್ಟಿನ ಮುಂದೆ ಕೂರಿಸಿದರೆ ಕೊನೆಯ ಸಾಲನ್ನೂ ಓದಿ ಎದ್ದು ಬರುತ್ತಾರೆ.

ಪೊರೆಗೆ ಕನ್ನಡದಲ್ಲಿ ಹೆಸರಿದೆ. ಉತ್ತರ ಕರ್ನಾಟಕದಲ್ಲಿ ಮೋತಿಬಿಂದು ಎಂದರೆ ಯಾರಿಗಾದರೂ ತಿಳಿಯುತ್ತದೆ. ಚಾಳೀಸು, ಇರುಳುಗಣ್ಣು, ಮೆಳ್ಳೆಗಣ್ಣು, ಕಣ್ಣುಬೇನೆ ಎಲ್ಲಕ್ಕೂ ಮನೆಮಾತಿನ ಹೆಸರಿವೆ. ಗ್ಲಾಕೋಮಾಕ್ಕೆ ಅಂಥ ಹೆಸರು ಊರ ಬಾಯಿಗೆ ಬಂದೇ ಇಲ್ಲ. ಹೆಸರು ಗೊತ್ತಿಲ್ಲದ ರೋಗವನ್ನು ಯಾರೂ ಡಾಕ್ಟರ ಮುಂದೆ ಕೇಳುವುದಿಲ್ಲ. ಕೇಳದ ರೋಗವನ್ನು ಗದ್ದಲದ ಶಿಬಿರದಲ್ಲಿ ಯಾರೂ ತಾವಾಗಿ ಹುಡುಕುವುದಿಲ್ಲ.

ಶಿಬಿರಗಳು ಹೀಗಾದದ್ದಕ್ಕೆ ಒಂದು ಚರಿತ್ರೆ ಇದೆ, ಅದನ್ನು ಗೌರವದಿಂದಲೇ ಹೇಳಬೇಕು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಊರೂರು ತಿರುಗಿ ಪೊರೆ ತೆಗೆದರು. ಒಂದೇ ದಿನದಲ್ಲಿ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. ಆಸ್ಪತ್ರೆಗೆ ಹೋಗಲಾಗದ ಜನರ ಬಳಿಗೆ ಆಸ್ಪತ್ರೆಯನ್ನೇ ಒಯ್ದ ಆ ಕೆಲಸವನ್ನು ಯಾರೂ ಸಣ್ಣದು ಮಾಡಲಾಗದು. 1976ರಲ್ಲಿ ಶುರುವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಪೊರೆಯನ್ನೇ ಮೊದಲ ಶತ್ರುವಾಗಿ ಹಿಡಿಯಿತು, ಅದೂ ಸರಿಯೇ ಇತ್ತು. ತಪ್ಪಿರುವುದು ಇಷ್ಟು ವರ್ಷಗಳ ಮೇಲೂ ಗುರಿ, ವರದಿ, ಸನ್ಮಾನ ಎಲ್ಲವೂ ಪೊರೆಯ ಲೆಕ್ಕದಲ್ಲೇ ನಿಂತಿರುವುದರಲ್ಲಿ. ಕಾರ್ಯಕ್ರಮದ ಪಟ್ಟಿಯಲ್ಲಿ ಗ್ಲಾಕೋಮಾದ ಹೆಸರಿದೆ. ಶಾಮಿಯಾನದ ಕೆಳಗೆ ಅದು ಕಾಣುವುದಿಲ್ಲ.

ಗ್ಲಾಕೋಮಾ ಅಷ್ಟೇನೂ ದೊಡ್ಡ ಸಮಸ್ಯೆಯಲ್ಲ ಅನ್ನುವವರು 2015–19ರ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯನ್ನು ಮುಂದಿಡಬಹುದು. 50 ದಾಟಿದವರ ಅಂಧತ್ವದಲ್ಲಿ ಪೊರೆಯ ಪಾಲು ಶೇ 66.2, ಗ್ಲಾಕೋಮಾದ ಪಾಲು ಶೇ 5.5. ಈ ಅಂಕಿಯನ್ನು ಎರಡು ಮಾತು ಸೇರಿಸಿ ಓದಬೇಕು. ಒಂದು, ಇಂಥ ಸಮೀಕ್ಷೆ ಕುರುಡನ್ನು ಎಣಿಸುವುದು ಚಾರ್ಟ್ ಹಿಡಿದೇ. ಕೊಳವೆಯಲ್ಲಿ ನೋಡಿದಂತೆ ನಡುವಷ್ಟೇ ಕಾಣುವವನು ಆ ಲೆಕ್ಕಕ್ಕೆ ಬೀಳುವುದೇ ಕಡಿಮೆ. ಎರಡು, ಪೊರೆಯ ಕುರುಡನ್ನು ಶಸ್ತ್ರಚಿಕಿತ್ಸೆಯಿಂದ ವಾಪಸ್ ತರಬಹುದು. ಗ್ಲಾಕೋಮಾದ ಕುರುಡು ಹೋದದ್ದು ಹೋಯಿತು. ನಲವತ್ತು ದಾಟಿದ 1.1 ಕೋಟಿಗೂ ಹೆಚ್ಚು ಭಾರತೀಯರಿಗೆ ಈ ರೋಗ ಇದೆ ಎಂಬುದು ತಜ್ಞರ ಅಂದಾಜು. ದಕ್ಷಿಣ ಭಾರತದ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ರೋಗ ಪತ್ತೆಯಾದವರ ಪೈಕಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನರಿಗೆ ಅಲ್ಲಿಯವರೆಗೆ ತಮಗೆ ರೋಗವಿದೆ ಎಂಬುದೇ ಗೊತ್ತಿರಲಿಲ್ಲ.

ಕಾನೂನಿಗೆ ಇದು ಗೊತ್ತಿದೆ ಎಂಬುದು ಇನ್ನೊಂದು ವಿಚಿತ್ರ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬದಿಯ ನೋಟವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ನೋಟದ ವ್ಯಾಪ್ತಿ 10 ಡಿಗ್ರಿಗಿಂತ ಕಡಿಮೆಯಾದರೆ ಅಂಧತ್ವ, 40 ಡಿಗ್ರಿಗಿಂತ ಕಡಿಮೆಯಾದರೆ ಮಂದದೃಷ್ಟಿ. ಅಂದರೆ ಕುರುಡಾದ ಮೇಲೆ ಸರ್ಟಿಫಿಕೇಟ್ ಕೊಡಲು ಸರ್ಕಾರ ಬದಿಯ ನೋಟ ಅಳೆಯುತ್ತದೆ. ಕುರುಡಾಗುವುದಕ್ಕೆ ಮುಂಚೆ ಅದೇ ಮನುಷ್ಯ ಶಿಬಿರದ ಕುರ್ಚಿಯಲ್ಲಿ ಕೂತಿದ್ದಾಗ ಆ ಕಡೆ ಯಾರೂ ನೋಡಿರುವುದಿಲ್ಲ.

ಇನ್ನು ನಮ್ಮ ಊರುಗಳಲ್ಲಿ ಕಣ್ಣಿನ ಒತ್ತಡ ಏರಿಸುವ ಮೂರು ವಿಷಯಗಳನ್ನು ಬಿಡಿಸಿ ಹೇಳಲೇಬೇಕು.

ಮೊದಲನೆಯದು ಮೆಡಿಕಲ್ ಶಾಪಿನ ಡ್ರಾಪ್ಸ್. ಕಣ್ಣು ಕೆಂಪಾದರೆ, ತುರಿಸಿದರೆ, ಧೂಳು ಬಿದ್ದರೆ ಅಂಗಡಿಗೆ ಹೋಗಿ ಕಣ್ಣಿಗೆ ಬಿಡುವ ಔಷಧ ಕೊಡಿ ಅನ್ನುತ್ತೇವೆ. ಕೈಗೆ ಬರುವ ಬಾಟಲಿಯಲ್ಲಿ ಎಷ್ಟೋ ಸಲ ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಅಥವಾ ಪ್ರೆಡ್ನಿಸೊಲೋನ್ ಇರುತ್ತದೆ. ಇವು ಸ್ಟಿರಾಯ್ಡ್‌ಗಳು. ಕೆಂಪು ಎರಡು ದಿನದಲ್ಲಿ ಇಳಿಯುತ್ತದೆ, ಅಂಗಡಿಯವನ ಕೈಗುಣ ಚೆನ್ನಾಗಿದೆ ಅನ್ನಿಸುತ್ತದೆ, ಮುಂದಿನ ಸಲ ಖಾಲಿ ಬಾಟಲಿ ತೋರಿಸಿ ಅದನ್ನೇ ತರುತ್ತೇವೆ. ವಾರಗಟ್ಟಲೆ, ತಿಂಗಳುಗಟ್ಟಲೆ ಬಿಟ್ಟರೆ ಕೆಲವರ ಕಣ್ಣಿನಲ್ಲಿ ಒತ್ತಡ ಸದ್ದಿಲ್ಲದೆ ಏರುತ್ತದೆ. ಪ್ರತಿ ಬೇಸಿಗೆಗೂ ಅಲರ್ಜಿಯಿಂದ ಕಣ್ಣು ಉಜ್ಜಿಕೊಳ್ಳುವ ಮಕ್ಕಳಿಗೆ ಇದರ ಅಪಾಯ ಇನ್ನೂ ಹೆಚ್ಚು. ಇವು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳು. ಬಾಟಲಿಯ ಮೇಲೇ ಹಾಗೆ ಅಚ್ಚಾಗಿರುತ್ತದೆ. ಔಷಧ ನಿಯಂತ್ರಣ ಇಲಾಖೆ ಇದನ್ನು ಓದುವುದು ಯಾವಾಗ?

ಎರಡನೆಯದು ಪೊರೆ ಹಣ್ಣಾಗಲಿ ಎಂಬ ಹಳೇ ಮಾತು. ಹಿಂದಿನ ಶಸ್ತ್ರಚಿಕಿತ್ಸೆಗೆ ಅದು ಸರಿಯಿತ್ತು, ಈಗಿನದಕ್ಕೆ ಕಾಯುವ ಅಗತ್ಯವಿಲ್ಲ. ಅತಿಯಾಗಿ ಬಲಿತ ಪೊರೆ ಉಬ್ಬಿ ಅಥವಾ ಸೋರಿ ದ್ರವ ಹೋಗುವ ದಾರಿ ಕಟ್ಟಿದರೆ ಒತ್ತಡ ಒಮ್ಮೆಲೇ ಏರುತ್ತದೆ. ಆಗ ಶಸ್ತ್ರಚಿಕಿತ್ಸೆಯಾದರೂ ದೃಷ್ಟಿ ಪೂರ್ತಿ ಬರುವ ಭರವಸೆ ಇರುವುದಿಲ್ಲ. ಸುಗ್ಗಿ ಮುಗಿಯಲಿ, ಮದುವೆ ಮುಗಿಯಲಿ ಎಂದು ಹಿರಿಯರ ಕಣ್ಣನ್ನು ಮುಂದೂಡುವ ಮನೆಗಳು ಇದನ್ನು ತಿಳಿದಿರಬೇಕು.

ಮೂರನೆಯದು ಪಿತ್ತ. ಒಂದು ಕಡೆ ವಿಪರೀತ ತಲೆನೋವು, ವಾಂತಿ, ಕಣ್ಣು ಕೆಂಪು, ದೀಪದ ಸುತ್ತ ಕಾಮನಬಿಲ್ಲಿನಂಥ ಬಳೆ, ದೃಷ್ಟಿ ಮಂಜು. ಮನೆಯಲ್ಲಿ ಪಿತ್ತ ಕೆರಳಿದೆ ಎಂದು ಕಷಾಯ ಕುಡಿಸುತ್ತಾರೆ, ಕ್ಲಿನಿಕ್ಕಿನಲ್ಲಿ ಮೈಗ್ರೇನ್ ಎಂದು ಇಂಜೆಕ್ಷನ್ ಕೊಡುವುದೂ ಉಂಟು. ದ್ರವ ಹೋಗುವ ಕೋನ ಒಮ್ಮೆಲೇ ಮುಚ್ಚಿಕೊಂಡಾಗ ಆಗುವುದು ಹೀಗೆಯೇ. ಇದು ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಲೇಬೇಕಾದ ತುರ್ತು. ಬೆಳಗಾಗಲಿ, ಸಂತೆ ದಿನ ಹೋಗೋಣ ಎಂದರೆ ಆ ಕಣ್ಣು ಕಾಯುವುದಿಲ್ಲ.

ಆಯೋಜಕರ ಪರವಾಗಿಯೂ ವಾದವಿದೆ, ಅದನ್ನು ಅಡಗಿಸುವುದಿಲ್ಲ. ಊರಿಗೆ ಊರನ್ನೇ ಗ್ಲಾಕೋಮಾಕ್ಕೆ ಪರೀಕ್ಷಿಸುವುದು ದುಬಾರಿ, ಅದರಿಂದ ಸಿಗುವ ಲಾಭವೂ ಖಚಿತವಿಲ್ಲ ಎಂದು ಹೇಳುವ ತಜ್ಞರಿದ್ದಾರೆ. ಒಪ್ಪೋಣ. ಆದರೆ ನಾವು ಊರನ್ನೆಲ್ಲ ಪರೀಕ್ಷಿಸಿ ಎಂದು ಕೇಳುತ್ತಿಲ್ಲ. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹಿಡಿದು ಬಂದು, ನಿಮ್ಮದೇ ಕುರ್ಚಿಯಲ್ಲಿ ಕೂತಿರುವ ನಲವತ್ತು ದಾಟಿದವರ ಬಗ್ಗೆ ಕೇಳುತ್ತಿದ್ದೇವೆ. ಉಪಕರಣವಿಲ್ಲ ಅನ್ನುವಂತಿಲ್ಲ. ನಾರ್ವೆಯ ವೈದ್ಯ ಶಿಯೋಟ್ಜ್ ತಮ್ಮ ಹೆಸರಿನ ಒತ್ತಡಮಾಪಕವನ್ನು ಪರಿಚಯಿಸಿದ್ದು 1905ರಲ್ಲಿ. ಅದಕ್ಕೆ ಕರೆಂಟ್ ಬೇಡ, ಬ್ಯಾಟರಿ ಬೇಡ, ಮರಗಟ್ಟಿಸುವ ಒಂದು ಹನಿ ಔಷಧ ಮತ್ತು ಪಳಗಿದ ಕೈ ಸಾಕು. ಈಗ ಅದಕ್ಕಿಂತ ನಿಖರವಾದ, ಕೈಯಲ್ಲಿ ಹಿಡಿಯುವ ಯಂತ್ರಗಳೂ ಬಂದಿವೆ. ನರ ನೋಡುವ ಟಾರ್ಚಿನಂಥ ಉಪಕರಣ ಕಣ್ಣಿನ ವೈದ್ಯರ ಚೀಲದಲ್ಲೇ ಇರುತ್ತದೆ. ಒತ್ತಡ ಅಳೆಯುವ ಕೆಲಸಕ್ಕೆ ಸರ್ಕಾರಿ ಆಸ್ಪತ್ರೆಗಳ ನೇತ್ರಾಧಿಕಾರಿಗಳಿದ್ದಾರೆ.

ಪತ್ತೆ ಮಾಡಿದ ಮೇಲೆ ಔಷಧ ಎಲ್ಲಿಂದ ಎಂಬ ಪ್ರಶ್ನೆ ಹೆಚ್ಚು ಗಂಭೀರವಾದದ್ದು. ಗ್ಲಾಕೋಮಾಕ್ಕೆ ಹನಿ ಔಷಧ ದಿನಾ, ಸಾಮಾನ್ಯವಾಗಿ ಬದುಕಿನುದ್ದಕ್ಕೂ ಬೇಕು. ಬಿಟ್ಟರೆ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಬಿಟ್ಟಾಗಲೂ ಕಣ್ಣು ಮೊದಲಿನಂತೆಯೇ ಕಾಣುತ್ತಿರುತ್ತದೆ. ಕಣ್ಣು ಸುಧಾರಿಸಲಿಲ್ಲ, ದುಡ್ಡು ದಂಡ ಎಂದು ಮೂರನೇ ತಿಂಗಳಿಗೆ ನಿಲ್ಲಿಸಿಬಿಡುತ್ತಾರೆ. ಈ ಹನಿ ಇರುವುದನ್ನು ಉಳಿಸಲು, ಹೋದದ್ದನ್ನು ತರಲು ಅಲ್ಲ ಎಂದು ಮೊದಲ ದಿನವೇ ಕನ್ನಡದಲ್ಲಿ ಕೂತು ಹೇಳಬೇಕು. ಟಿಮೊಲಾಲ್ ಹಳೆಯ ಔಷಧ, ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಉಬ್ಬಸ ಇರುವವರಿಗೆ ಅದು ಆಗದು, ಅವರಿಗೆ ಬೇರೆ ಹನಿಗಳಿವೆ. ಇವು ತಾಲ್ಲೂಕು ಆಸ್ಪತ್ರೆಯಲ್ಲಿ ಬಿ.ಪಿ., ಶುಗರ್ ಮಾತ್ರೆಗಳ ಹಾಗೆ ತಿಂಗಳು ತಪ್ಪದೆ ಸಿಗಬೇಕು.

ಹಾಗಾದರೆ ನಮ್ಮ ಬೇಡಿಕೆ ಏನು? ಸರ್ಕಾರಿ ಅನುದಾನದ ಯಾವ ಶಿಬಿರದಲ್ಲೇ ಆಗಲಿ ನಲವತ್ತು ದಾಟಿದವರ ಒತ್ತಡ ಅಳೆದು, ನರ ನೋಡಿ, ಎರಡನ್ನೂ ಅವರ ಚೀಟಿಯಲ್ಲಿ ಬರೆದುಕೊಡಬೇಕು. ಅನುಮಾನ ಬಂದವರ ಹೆಸರನ್ನು ಒಂದು ರಿಜಿಸ್ಟರಿನಲ್ಲಿ ಬರೆದು, ಅವರು ದೊಡ್ಡಾಸ್ಪತ್ರೆ ತಲುಪಿದರೇ ಎಂದು ಒಂದು ತಿಂಗಳ ನಂತರ ಕೇಳಬೇಕು. ರೋಗ ಖಚಿತವಾದವರ ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳನ್ನು ಕರೆದು ನೋಡಬೇಕು, ಯಾಕೆಂದರೆ ಅವರಿಗೆ ಅಪಾಯ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ರಾಜ್ಯದ ಆಶಾಕಿರಣ ಯೋಜನೆಯಲ್ಲಿ ಮನೆ ಬಾಗಿಲಿಗೇ ಹೋಗಿ ದೃಷ್ಟಿ ನೋಡಿ ಕನ್ನಡಕ ಕೊಡುತ್ತಾರೆ. ಅದೇ ಬಾಗಿಲಲ್ಲಿ ಎರಡು ಪ್ರಶ್ನೆ ಹೆಚ್ಚಿಗೆ ಕೇಳಲಿ: ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದೆಯೇ? ಅಂಗಡಿಯಿಂದ ತಂದ ಡ್ರಾಪ್ಸ್ ಬಿಡುತ್ತಿದ್ದೀರಾ?

ಈ ಬ್ಲಾಗ್ ಓದುವವರಲ್ಲಿ ಅರ್ಧದಷ್ಟು ಜನ ನಮ್ಮಂತೆಯೇ ತಾಲ್ಲೂಕಿನಿಂದ ಸುದ್ದಿ ಕಳಿಸುವವರು. ಮುಂದಿನ ಶಿಬಿರದ ಪ್ರಕಟಣೆ ಬಂದ ದಿನ ಆಯೋಜಕರಿಗೆ ಫೋನ್ ಮಾಡಿ ಆ ಎರಡು ಅಂಕಿ ಕೇಳಿ. ಕೊಟ್ಟರೆ ಸುದ್ದಿಯ ಮೊದಲ ಸಾಲಿಗೇ ಹಾಕಿ. ಅಳೆದಿಲ್ಲ ಎಂದರೆ, ಒತ್ತಡ ಅಳೆದಿಲ್ಲ ಎಂದೇ ಬರೆಯಿರಿ. ಹಾಗೆಯೇ ನೀವು ನಲವತ್ತು ದಾಟಿದ್ದರೆ, ಅಥವಾ ಮನೆಯಲ್ಲಿ ದಾಟಿದವರಿದ್ದರೆ, ಈ ತಿಂಗಳೇ ಕಣ್ಣಿನ ವೈದ್ಯರ ಬಳಿ ಹೋಗಿ ಹೆಸರು ಹಿಡಿದು ಕೇಳಿ: ನನ್ನ ಕಣ್ಣಿನ ಒತ್ತಡ ಎಷ್ಟಿದೆ, ನರ ಹೇಗಿದೆ, ಬರೆದುಕೊಡಿ.