ಬಾಡಿಗೆ ಕೋಣೆಯಿಂದ ಹಕ್ಕಿನ ಮನೆಗೆ

ತಿಂಗಳ ಕೊನೆಯ ದಿನಗಳಲ್ಲಿ ವಿಜಯಪುರದ ಗಾಂಧಿ ಚೌಕದ ಸುತ್ತಲಿನ ಓಣಿಗಳಲ್ಲಿ ನಡೆದಾಡುವವರಿಗೆ ಒಂದು ದೃಶ್ಯ ಚಿರಪರಿಚಿತ. ಟಂಟಂ ಗಾಡಿಯೊಂದರಲ್ಲಿ ಟ್ರಂಕು, ಹಾಸಿಗೆಯ ಸುರುಳಿ, ಕೊಡಗಳು, ಜೋಳದ ಚೀಲ. ಅವುಗಳ ನಡುವೆ, ಗೋಡೆಯಿಂದ ಇಳಿಸಿದ ಪಟವನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತ ತಾಯಿ. ಬಾಡಿಗೆ ಏರಿದೆ, ಇಲ್ಲವೇ ಮಾಲೀಕರಿಗೆ ಕೋಣೆ ಬೇಕಾಗಿದೆ. ಒಂದು ಕುಟುಂಬ ಮತ್ತೊಮ್ಮೆ ಮನೆ ಬದಲಿಸುತ್ತಿದೆ. ಇಂತಹ ಕುಟುಂಬಕ್ಕೆ ಸರ್ಕಾರದ ವಸತಿ ಯೋಜನೆಯಲ್ಲಿ ಒಂದು ಮನೆ ದೊರೆತರೆ ಅದೇ ಕೊನೆಯ ಸ್ಥಳಾಂತರವಾಗಬೇಕು ಎಂಬುದು ಎಲ್ಲರ ಹಾರೈಕೆ. ಆದರೆ ಆ ಮನೆಯ ಬಾಗಿಲವರೆಗೆ ತಲುಪುವ ಬಾಡಿಗೆದಾರರು ಎಷ್ಟು ಮಂದಿ? ತಲುಪಿದವರು ಅಲ್ಲಿಯೇ ನೆಲೆನಿಲ್ಲುವರೇ? ಈ ವಾರ ಈ ಎರಡು ಪ್ರಶ್ನೆಗಳನ್ನು ಓದುಗರ ಮುಂದಿಡಬಯಸುತ್ತೇವೆ.

ನಮ್ಮ ನಗರಕ್ಕೆ ಸ್ಥಳಾಂತರದ ಕಥೆ ಹೊಸದಲ್ಲ. 1885ರಲ್ಲಿ ಬ್ರಿಟಿಷ್ ಸರ್ಕಾರ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ, ಆದಿಲ್‌ಶಾಹಿ ಕಾಲದ ಮಹಲು ಮತ್ತಿತರ ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿಸಿ ಕಚೇರಿಗಳಿಗೂ ಅಧಿಕಾರಿಗಳ ವಾಸಕ್ಕೂ ಅಣಿಗೊಳಿಸಲಾಯಿತು. ಹೀಗೆ ಸರ್ಕಾರವೇ ಮನೆ ಬದಲಿಸಿದಾಗ ಅದಕ್ಕೆ ಸೂರು ಸಿದ್ಧವಾಗಿತ್ತು. ಬರಗಾಲದ ಹೊಡೆತಕ್ಕೆ ಸಿಕ್ಕಿ ಹಳ್ಳಿ ಬಿಟ್ಟು ಬಂದ ಕೂಲಿಕಾರನಿಗೆ ಅಂತಹ ಭಾಗ್ಯವಿರಲಿಲ್ಲ. ಅವನು ಪೇಟೆಯ ಅಂಚಿನಲ್ಲಿ ಬಾಡಿಗೆಯ ಕೋಣೆ ಹಿಡಿದ, ಇಲ್ಲವೇ ಗೋವಾ, ಪುಣೆ, ಬೆಂಗಳೂರುಗಳಿಗೆ ಹೋಗಿ ಅನ್ಯರ ಮನೆಗಳಿಗೆ ಇಟ್ಟಿಗೆ ಹೊತ್ತ. ಊರೂರುಗಳಲ್ಲಿ ಮಹಡಿ ಮನೆಗಳನ್ನು ಕಟ್ಟಿದ ಈ ಜಿಲ್ಲೆಯ ಕೈಗಳಿಗೆ ತಮ್ಮದೆಂಬ ಗೋಡೆ ಇಲ್ಲದಿರುವುದು ದುಃಖದ ಸಂಗತಿ.

ಸರ್ಕಾರಗಳು ಕೈಕಟ್ಟಿ ಕುಳಿತಿವೆ ಎಂದು ಹೇಳುವಂತಿಲ್ಲ. 1975ರಲ್ಲಿ ಸ್ಥಾಪನೆಯಾದ ಕೊಳಚೆ ನಿರ್ಮೂಲನ ಮಂಡಳಿ ಇಂದು ಕೊಳಗೇರಿ ಅಭಿವೃದ್ಧಿ ಮಂಡಳಿಯಾಗಿದೆ. 1990ರ ದಶಕದ ಆರಂಭದಲ್ಲಿ ಆಶ್ರಯ ಯೋಜನೆ ಬಂದಿತು. 2015ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗ ಆರಂಭವಾಯಿತು. ಮನೆಯ ಹಕ್ಕು ಕುಟುಂಬದ ಮಹಿಳೆಯ ಹೆಸರಿನಲ್ಲಿ, ಇಲ್ಲವೇ ದಂಪತಿಗಳ ಜಂಟಿ ಹೆಸರಿನಲ್ಲಿ ಇರಬೇಕೆಂಬ ಅದರ ನಿಯಮ ಮೆಚ್ಚತಕ್ಕದ್ದು. ಕುಡಿತಕ್ಕೋ ಸಾಲಕ್ಕೋ ಮನೆ ಕೈಬಿಟ್ಟು ಹೋಗುವುದನ್ನು ಕಂಡ ಯಾವ ತಾಯಿಗೂ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ಯೋಜನೆಗಳ ಒಂದು ಮುಖ್ಯ ಭಾಗ, ಈಗಾಗಲೇ ನಿವೇಶನವುಳ್ಳವನಿಗೆ ಮನೆ ಕಟ್ಟಿಕೊಳ್ಳಲು ಸಹಾಯಧನ ನೀಡುವಂಥದು. ನೆಲವಿದ್ದವನಿಗೆ ಗೋಡೆ ದೊರೆಯುತ್ತದೆ. ನೆಲವೇ ಇಲ್ಲದ ಬಾಡಿಗೆದಾರನು ಸರ್ಕಾರ ಕಟ್ಟಿಸಿದ ಮನೆಗಾಗಿ ಅರ್ಜಿ ಹಾಕಿ ಕಾಯಬೇಕು. ಅರ್ಜಿಗೆ ವಾಸದ ದಾಖಲೆ ಬೇಕು. ಇಲ್ಲಿಯೇ ಕಷ್ಟ ಮೊದಲಾಗುತ್ತದೆ. ಹತ್ತು ವರ್ಷ ಒಂದೇ ಓಣಿಯಲ್ಲಿ ಬಾಳಿದ ಕುಟುಂಬದ ಬಳಿ ಒಂದು ಬಾಡಿಗೆ ಚೀಟಿಯೂ ಇರುವುದಿಲ್ಲ. ಪಡಿತರ ಚೀಟಿಯಲ್ಲಿ ಇನ್ನೂ ಹಳ್ಳಿಯ ವಿಳಾಸವಿರುತ್ತದೆ. ಮಾಲೀಕರನ್ನು ಕೇಳಿದರೆ, ಕಾಗದ ಕೊಟ್ಟರೆ ನಾಳೆ ಕೋಣೆ ಬಿಡಲಿಕ್ಕಿಲ್ಲ ಎಂಬ ಅಂಜಿಕೆ. ಹೀಗೆ ಕಣ್ಣೆದುರೇ ಇರುವ ಕುಟುಂಬ ಕಾಗದದಲ್ಲಿ ಕಾಣೆಯಾಗುತ್ತದೆ. ಕೊಳಗೇರಿಯ ಗುಡಿಸಲುಗಳನ್ನು ತೆಗೆದು ಮನೆ ಕಟ್ಟುವಾಗಲೂ ಗುಡಿಸಲಿನ ಒಡೆಯನ ಹೆಸರು ಪಟ್ಟಿಗೆ ಸೇರಿ, ಅದರಲ್ಲಿ ಬಾಡಿಗೆಗೆ ಇದ್ದವನ ಹೆಸರು ಬಿಟ್ಟುಹೋಗುವ ಅಪಾಯ ಎಂದಿಗೂ ಇದ್ದೇ ಇದೆ.

ಬಾಡಿಗೆದಾರನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಸಾಧ್ಯವೇನಲ್ಲ. ಉದಾಹರಣೆ ನಮ್ಮ ನೆರೆಯಲ್ಲಿಯೇ ಇದೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ತಗ್ಗಿನ ಭಾಗಗಳು ಬಲಿಯಾಗಬೇಕಾಗಿ ಬಂದಾಗ, ಖ್ಯಾತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯ ಅವರ ಯೋಜನೆಯಂತೆ ನವನಗರ ಮೈದಳೆಯಿತು. ಅಲ್ಲಿ ಕಟ್ಟಡದ ಒಡೆಯರೊಂದಿಗೆ ಬಾಡಿಗೆದಾರರನ್ನೂ ಸಂತ್ರಸ್ತರೆಂದು ಪರಿಗಣಿಸಿ ನಿವೇಶನ ಕೊಡುವ ಕ್ರಮ ಬಂದಿತು. ಗೋಡೆ ಯಾರದೇ ಇರಲಿ, ನೀರು ಬಂದಾಗ ಒಲೆ ಆರುವುದು ಇಬ್ಬರದೂ ಎಂಬ ಸರಳ ಸತ್ಯವನ್ನು ಅದು ಒಪ್ಪಿಕೊಂಡಿತು. 1997ರವರೆಗೆ ಬಾಗಲಕೋಟೆ ನಮ್ಮ ಜಿಲ್ಲೆಯದೇ ಭಾಗವಾಗಿತ್ತು. ಅಣೆಕಟ್ಟಿನ ಸಂದರ್ಭದಲ್ಲಿ ಸಲ್ಲುವ ನ್ಯಾಯ, ಬಡತನದಿಂದ ಒಕ್ಕಲೇಳುವವನಿಗೂ ಸಲ್ಲಬಾರದೇಕೆ?

ಇನ್ನು ಎರಡನೆಯ ಪ್ರಶ್ನೆ. ಹೆಸರು ಪಟ್ಟಿಗೆ ಬಂದು, ತನ್ನ ಪಾಲಿನ ಹಣ ಕಟ್ಟಿ, ಬೀಗದ ಕೈ ಪಡೆದ ದಿನ ಹಬ್ಬವೇ ಸರಿ. ಮರುದಿನ ಬೆಳಗಿನಿಂದ ಬೇರೆ ಲೆಕ್ಕ ಮೊದಲಾಗುತ್ತದೆ. ಅಗ್ಗದ ಜಾಗ ಊರ ಹೊರಗೆ ಸಿಗುವುದರಿಂದ ಹೊಸ ಬಡಾವಣೆ ಸಾಮಾನ್ಯವಾಗಿ ದೂರವೇ ಇರುತ್ತದೆ. ಚೌಕದಲ್ಲಿ ತಳ್ಳುಗಾಡಿಯಿಟ್ಟು ಕಾಯಿಪಲ್ಯ ಮಾರುವವನು ನಸುಕಿನಲ್ಲಿ ಅಲ್ಲಿಂದ ಬರಬೇಕು, ರಾತ್ರಿ ಗಾಡಿಯನ್ನು ಎಲ್ಲಿ ಬಿಡಬೇಕೆಂದು ಯೋಚಿಸಬೇಕು. ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕುವ ಹೆಣ್ಣುಮಗಳು ದಿನಕ್ಕೆ ಎರಡು ಸಲ ಟಂಟಂ ಬಾಡಿಗೆ ತೆರಬೇಕು. ಮಕ್ಕಳ ಶಾಲೆ ವರ್ಷದ ನಡುವೆ ಬದಲಾಗುತ್ತದೆ. ಪಡಿತರದ ಅಂಗಡಿ ಬೇರೆಯಾಗುತ್ತದೆ. ಉದ್ರಿ ಕೊಡುತ್ತಿದ್ದ ಕಿರಾಣಿ ಅಂಗಡಿಯವನು ಹಳೆಯ ಓಣಿಯಲ್ಲಿಯೇ ಉಳಿದ. ಜ್ವರ ಬಂದ ಮಗುವನ್ನು ಅರ್ಧ ದಿನ ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಅಜ್ಜಿಯೂ ಅಲ್ಲಿಯೇ. ಬಾಡಿಗೆ ಉಳಿಯಿತು ಎಂದುಕೊಂಡ ಹಣ ಹೀಗೆ ಬೇರೆ ದಾರಿಗಳಲ್ಲಿ ಸೋರಿಹೋಗುತ್ತದೆ.

ಕೊಟ್ಟ ಮನೆಗೆ ಬೀಗ ಹಾಕಿ ಮತ್ತೆ ಬಾಡಿಗೆಯ ಕೋಣೆಗೆ ಮರಳುವವರನ್ನು ಕೃತಘ್ನರೆಂದು ಜರೆಯುವುದು ಸುಲಭ. ಮನೆಯನ್ನೇ ಲಾಭದ ವಸ್ತು ಮಾಡಿಕೊಂಡವರೂ ಇರಬಹುದು, ಅದು ತಪ್ಪೇ. ಆದರೆ ಬಹಳಷ್ಟು ಮಂದಿ ಹೊಟ್ಟೆಪಾಡಿನ ಹಿಂದೆ ಮರಳುತ್ತಾರೆ. ಅವರನ್ನು ಜರೆಯುವ ಮೊದಲು ಆ ಬಡಾವಣೆಗೆ ಬಸ್ಸು ಹೋಗುವುದೇ, ನಳದಲ್ಲಿ ನೀರು ಬರುವುದೇ, ಹತ್ತಿರದಲ್ಲಿ ಅಂಗನವಾಡಿ ಇದೆಯೇ ಎಂದು ಕೇಳುವುದು ನ್ಯಾಯ.

ದುಡಿಮೆಯ ಜಾಗದ ಸಮೀಪ ಕಡಿಮೆ ಬಾಡಿಗೆಯ ಸರ್ಕಾರಿ ಮನೆ ಎಂಬ ಇನ್ನೊಂದು ದಾರಿಯೂ ಇದೆ. ಆಸ್ಟ್ರಿಯದ ವಿಯೆನ್ನಾ ನಗರಸಭೆ 1920ರ ದಶಕದಿಂದ ಕಾರ್ಮಿಕರಿಗಾಗಿ ಇಂತಹ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಡುತ್ತ ಬಂದಿದೆ. ನಮ್ಮ ದೇಶದಲ್ಲಿ ಈ ವಿಚಾರಕ್ಕೆ ಬಲ ಬಂದದ್ದು 2020ರ ಕೊರೋನಾ ಕಾಲದಲ್ಲಿ. ಬಾಡಿಗೆ ಕಟ್ಟಲಾರದ ವಲಸೆ ಕಾರ್ಮಿಕರು ಗಂಟುಮೂಟೆ ಹೊತ್ತು ಊರ ದಾರಿ ಹಿಡಿದ ಬಳಿಕ, ಖಾಲಿ ಉಳಿದ ಸರ್ಕಾರಿ ಮನೆಗಳನ್ನು ಅಂತಹವರಿಗೆ ಬಾಡಿಗೆಗೆ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ ಪ್ರಕಟಿಸಿತು. 2024ರಲ್ಲಿ ಆರಂಭವಾದ ಆವಾಸ್ ಯೋಜನೆಯ ಎರಡನೆಯ ಹಂತದಲ್ಲಿಯೂ ಬಾಡಿಗೆ ವಸತಿಗೆ ಸ್ಥಾನ ದೊರೆತಿದೆ. ತಿಕೋಟಾ, ಬಬಲೇಶ್ವರಗಳ ಕಡೆಯಿಂದ ದುಡಿಯಲು ಬಂದು ನೆಲೆಸುವವರಿರುವ ನಮ್ಮಂತಹ ನಗರಗಳಿಗೂ ಇದರ ಪ್ರಯೋಜನ ತಲುಪಬೇಕು.

ಸರ್ಕಾರದ ಕೆಲಸ ಸರ್ಕಾರಕ್ಕೆ ಎಂದು ನಾವು ಸುಮ್ಮನಿರಲಾಗದು. ಈ ಅಂಕಣದ ಓದುಗರಲ್ಲಿ ಬಾಡಿಗೆಗೆ ಇರುವವರೂ ಇದ್ದಾರೆ, ಬಾಡಿಗೆಗೆ ಕೊಟ್ಟವರೂ ಇದ್ದಾರೆ. ಕೊಟ್ಟವರಲ್ಲಿ ನಮ್ಮದೊಂದು ವಿನಂತಿ: ಪ್ರತಿ ತಿಂಗಳು ಪಡೆದ ಹಣಕ್ಕೆ ಚೀಟಿ ಬರೆದುಕೊಡಿ. ಕುಟುಂಬ ನಿಮ್ಮಲ್ಲಿ ಎಂದಿನಿಂದ ವಾಸವಾಗಿದೆ ಎಂಬ ನಾಲ್ಕು ಸಾಲಿಗೆ ಸಹಿ ಮಾಡಿ. ನಿಮ್ಮ ಮನೆಯ ಒಡೆತನ ಅದರಿಂದ ಕರಗುವುದಿಲ್ಲ. ಒಂದು ಬಡ ಕುಟುಂಬಕ್ಕೆ ಮಾತ್ರ ಅದೇ ಹೊಸ ಮನೆಯ ಮೊದಲ ಮೆಟ್ಟಿಲಾಗಬಹುದು. ಬಾಡಿಗೆಗೆ ಇರುವವರು ಚೀಟಿಗಳನ್ನು ಕಾಪಾಡಿಕೊಳ್ಳಲಿ, ಪಡಿತರ ಚೀಟಿಯ ವಿಳಾಸವನ್ನು ತಿದ್ದಿಸಿಕೊಳ್ಳಲಿ, ಮಧ್ಯವರ್ತಿಯ ಕೈಗೆ ಹಣ ಕೊಡದಿರಲಿ.

ಮನೆ ಪಡೆದವರಿಗೂ ಹೊಣೆಯುಂಟು. ಹಕ್ಕುಪತ್ರವನ್ನು ಅಡವಿಡದಿರುವುದು, ಮೆಟ್ಟಿಲು, ಚರಂಡಿ, ನೀರಿನ ತೊಟ್ಟಿಗಳ ಆರೈಕೆಗೆ ನೆರೆಯವರೊಡನೆ ಕೈಗೂಡಿಸುವುದು ಅವುಗಳಲ್ಲಿ ಮುಖ್ಯವಾದವು.

ನಮ್ಮ ಕುಟುಂಬಗಳಲ್ಲಿ ಹೊಸ ಮನೆಗೆ ಹೋದಾಗ ಗುರುಗಳನ್ನು ಕರೆಸಿ ಆಶೀರ್ವಾದ ಮಾಡಿಸುವುದು, ಬಂಧುಗಳಿಗೆ ಊಟ ಹಾಕುವುದು ರೂಢಿ. ಊರ ಹೊರಗಿನ ಬಡಾವಣೆಗೆ ಹೋದ ಮನೆಯವರಿಗೂ ಆ ದಿನದ ಸಂಭ್ರಮ ಇದ್ದೀತು. ಅವರಿಗೆ ಹೆಚ್ಚು ಬೇಕಾಗಿರುವುದು ಎರಡನೆಯ ತಿಂಗಳ ಭೇಟಿ. ಮಗುವಿಗೆ ಶಾಲೆಯಲ್ಲಿ ಸೇರ್ಪಡೆಯಾಯಿತೇ, ದುಡಿಮೆ ನಡೆದಿದೆಯೇ, ನೀರು ಬರುತ್ತಿದೆಯೇ ಎಂದು ಹೋಗಿ ವಿಚಾರಿಸುವವರು ಬೇಕು. ಜಾತಿ, ಮತ ಕೇಳದೆ ಪ್ರತಿ ಧರ್ಮಕೇಂದ್ರದ ನಾಲ್ಕು ಕುಟುಂಬಗಳು ಇಷ್ಟನ್ನು ಕೈಗೊಂಡರೂ, ಬೀಗ ಹಾಕಿ ಮರಳುವ ಕೆಲವು ಬಾಗಿಲುಗಳಾದರೂ ತೆರೆದಿರುತ್ತವೆ.

ಮುಂದಿನ ತಿಂಗಳ ಕೊನೆಯಲ್ಲಿಯೂ ಗಾಂಧಿ ಚೌಕದ ದಾರಿಯಲ್ಲಿ ಸಾಮಾನು ತುಂಬಿದ ಗಾಡಿ ಕಂಡೀತು. ಅದರ ಹಿಂದೆ ಹೋಗುವವರಿಗೆ ಒಂದು ಚೀಟಿ, ಒಂದು ಸಹಿ, ಒಂದು ಭೇಟಿ ನಮ್ಮಿಂದ ದೊರೆಯಲಿ.