ನಕ್ಷೆ ಒಂದಾಗಲಿ, ಎಲ್ಲರ ಕಣ್ಣಿಗೂ ಬೀಳಲಿ

2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನುಗ್ಗಿದಾಗ ಎಲ್ಲರೂ ಮಳೆಯನ್ನೇ ದೂರಿದರು. ಮಳೆ ವಿಪರೀತವಾಗಿ ಸುರಿದದ್ದು ನಿಜ. ಆದರೆ ನೀರು ನಿಲ್ಲುವ ತಗ್ಗಿನಲ್ಲಿ ಮನೆಗಳು ಎದ್ದುದು ಹೇಗೆ, ಅವು ಏಳುವಾಗ ಯಾವ ನಕ್ಷೆ ಯಾರ ಮೇಜಿನ ಮೇಲಿತ್ತು ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ.

ನಮ್ಮಲ್ಲಿ ಮನೆಯ ನಕ್ಷೆ ನಿವೇಶನದ ಗಡಿಯಲ್ಲೇ ಮುಗಿಯುತ್ತದೆ. ಪರವಾನಗಿ ನೀಡುವವರು ಸುತ್ತ ಬಿಡಬೇಕಾದ ಜಾಗ, ಎತ್ತರ, ಅಂತಸ್ತುಗಳನ್ನು ನೋಡುತ್ತಾರೆ. ಇತ್ತ ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆಯಲ್ಲಿ ವಾಸಕ್ಕೊಂದು ಬಣ್ಣ, ಕೈಗಾರಿಕೆಗೊಂದು ಬಣ್ಣ. ಒಂದರಲ್ಲಿ ಊರಿಲ್ಲ, ಇನ್ನೊಂದರಲ್ಲಿ ಮನೆಯಿಲ್ಲ. 30×40 ಅಡಿಯ ನಿವೇಶನದ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ ಸುಮಾರು 11 ಸಾವಿರ ಲೀಟರ್ ನೀರಾಗುತ್ತದೆ. ಅಂಗಳಕ್ಕೆಲ್ಲ ಸಿಮೆಂಟು ಬಳಿದ ಮೇಲೆ ಅದು ಮಣ್ಣಿಗಿಳಿಯದೆ ಚರಂಡಿಗೆ ಸೇರುತ್ತದೆ. ಅಂತಹ ನೂರು ಮನೆಗಳಿಂದ 11 ಲಕ್ಷ ಲೀಟರ್! ಆ ಚರಂಡಿಗೆ ಇಷ್ಟು ನೀರನ್ನು ಸಾಗಿಸುವ ಶಕ್ತಿಯಿದೆಯೇ ಎಂಬುದನ್ನು ಬಿಡಿ ನಕ್ಷೆಯೊಂದು ಹೇಳಲಾರದು.

ಈ ಕೊರತೆಯನ್ನು ನೀಗುವ ವಿದ್ಯೆ ಇಂದು ಲಭ್ಯವಿದೆ. ನೆಲದ ಏರಿಳಿತ, ನದಿ, ರಾಜಕಾಲುವೆ, ರಸ್ತೆ, ಕೊಳವೆ, ಕಟ್ಟಡ ಇವೆಲ್ಲವನ್ನೂ ಒಂದರ ಮೇಲೊಂದು ಪದರವಾಗಿ ಗಣಕಯಂತ್ರದಲ್ಲಿ ಜೋಡಿಸಿ ನಗರದ ಮೂರು ಆಯಾಮದ ಮಾದರಿಯನ್ನು ರೂಪಿಸಬಹುದು. ಪ್ರತಿ ಇಲಾಖೆಯೂ ತನ್ನ ಪದರವನ್ನು ತಿದ್ದುತ್ತದೆ, ಉಳಿದವರು ಅದನ್ನು ಒಡನೆಯೇ ಕಾಣುತ್ತಾರೆ. ವಾಸ್ತುಶಿಲ್ಪಿಯು ತನ್ನ ಕಟ್ಟಡವನ್ನು ಅದರೊಳಗಿಟ್ಟರೆ ನೆರೆಮನೆಯ ಬೆಳಕು, ರಸ್ತೆಯ ಅಗಲ, ನೀರಿನ ಹರಿವು ಹೇಗೆ ಬದಲಾಗುವುದೆಂಬುದು ಇಟ್ಟಿಗೆ ಇಡುವ ಮೊದಲೇ ತಿಳಿಯುತ್ತದೆ. ಫಿನ್ಲೆಂಡಿನ ಹೆಲ್ಸಿಂಕಿ ನಗರವು ಇಂತಹ ಮಾದರಿಯನ್ನು ಸಾರ್ವಜನಿಕರಿಗೂ ಮುಕ್ತವಾಗಿಸಿದೆ.

ಶಿವಮೊಗ್ಗ, ಭದ್ರಾವತಿಗಳಿಗೆ ಇದು ದೂರದ ಮಾತಲ್ಲ. ಎರಡೂ ನಗರಗಳಿಗೆ ಪ್ರಾಧಿಕಾರ ಒಂದೇ. ಜಿಐಎಸ್ ಆಧಾರಿತ ಮಹಾಯೋಜನೆಗೆ ನೆರವು ನೀಡಿದ, 2015ರಲ್ಲಿ ಆರಂಭವಾದ ಅಮೃತ್ ಯೋಜನೆಯ ನಗರಗಳ ಪಟ್ಟಿಯಲ್ಲಿ ಎರಡೂ ಇದ್ದವು. ಶಿವಮೊಗ್ಗ 2016ರಲ್ಲಿ ಸ್ಮಾರ್ಟ್ ಸಿಟಿಯಾಗಿಯೂ ಆಯ್ಕೆಯಾಯಿತು. ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಗೊಂಡ ಬಳಿಕ ಸುತ್ತಲಿನ ನೆಲದ ಮೇಲೆ ಎಲ್ಲರ ಕಣ್ಣು. ಭದ್ರಾವತಿಯಲ್ಲಿ 2015ರಲ್ಲಿ ಉತ್ಪಾದನೆ ನಿಲ್ಲಿಸಿದ ಕಾಗದ ಕಾರ್ಖಾನೆಯ ಜಾಗದ ಭವಿಷ್ಯವೂ ನಿರ್ಧಾರವಾಗಬೇಕಿದೆ. ಬಿಡಿಬಿಡಿ ನಕ್ಷೆಗಳಿಂದ ಇವನ್ನು ತೀರ್ಮಾನಿಸಿದರೆ ಮುಂದಿನ ಪ್ರವಾಹಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ಆದರೆ ನಮ್ಮದೊಂದು ಷರತ್ತಿದೆ. ಮಾದರಿ ಕಚೇರಿಯ ಬೀಗದೊಳಗೆ ಉಳಿದರೆ ಅದು ಬಡವನ ಪಾಲಿಗೆ ಅಸ್ತ್ರವಾದೀತು. ತೆರವಿನ ನೋಟಿಸು ಬಾಗಿಲಿಗೆ ಬಂದಾಗಲೇ ತನ್ನ ಮನೆ ಕಾಲುವೆಯ ಗುರುತಿನೊಳಗಿದೆಯೆಂದು ಅವನಿಗೆ ತಿಳಿದರೆ ಅದು ನ್ಯಾಯವಲ್ಲ. ತಪ್ಪು ಅಳತೆಯನ್ನು ಪ್ರಶ್ನಿಸುವ ಹಕ್ಕು ಅವನಿಗೆ ಮೊದಲೇ ಸಿಗಬೇಕು. ಆದ್ದರಿಂದ ಮಾದರಿಯನ್ನು ಪ್ರತಿ ವಾರ್ಡಿನಲ್ಲೂ ಪ್ರದರ್ಶಿಸಿ, ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ವಿವರಿಸಬೇಕು.

ನಮ್ಮ ಹೊಣೆಯೂ ಇದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಹಾಯೋಜನೆಯನ್ನು ಕನಿಷ್ಠ ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು, ಅದು ಪ್ರಕಟವಾದಾಗ ಅಭಿಪ್ರಾಯ ಸಲ್ಲಿಸಲು ಸಾರ್ವಜನಿಕರಿಗೆ 60 ದಿನಗಳ ಅವಕಾಶವಿದೆ. ಆ ದಿನಗಳಲ್ಲಿ ನಮ್ಮ ಮೊಹಲ್ಲಾಗಳಿಂದ ಎಷ್ಟು ಅರ್ಜಿಗಳು ಹೋಗುತ್ತವೆ? ನಿವೇಶನ ಕೊಳ್ಳುವವರು ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರನ್ನಾದರೂ ಪರಿಶೀಲಿಸುತ್ತಾರೆಯೇ? ನಮ್ಮ ಮನೆಗಳಲ್ಲೇ ಎಂಜಿನಿಯರಿಂಗ್ ಓದಿದ ಮಕ್ಕಳಿದ್ದಾರೆ. ಶುಕ್ರವಾರದ ಬಳಿಕ ಒಂದು ಗಂಟೆ ಅವರು ನಕ್ಷೆಯನ್ನು ಬಿಡಿಸಿ ಓದಿ ಹೇಳಲಿ, ಹಿರಿಯರು ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಗುರುತು ಹಾಕಿಸಲಿ. ಯಾವ ಉಪಗ್ರಹಕ್ಕೂ ತಿಳಿಯದ ಆ ಗುರುತು ಸೇರಿದಾಗಲೇ ಮಾದರಿ ಪೂರ್ಣವಾಗುತ್ತದೆ.